ಕೌದಿಯ ಬೆನ್ನಿಗೆ ಹತ್ತಿ ಇಣುಕುತ್ತಿದೆಯೇ?

ಬನದ ಹುಣ್ಣಿಮೆಗೆ ಉಗರಗೋಳದ ಕಡೆ ಬಂದವರಿಗೆ ಆ ಚಳಿ ಎಂಥದೆಂದು ಹೇಳಬೇಕಾಗಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಬಂದ ಮಂದಿ ಬಯಲಲ್ಲೇ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಂಡು, ಅಲ್ಲೇ ಮೈಚಾಚುತ್ತಾರೆ. ಆಗ ಎಲ್ಲರ ಮೈಮೇಲೂ ಇರುವುದು ಕೌದಿ. ಅಜ್ಜಿಯ ಇಳಕಲ್ಲ ಸೀರೆ, ಅಪ್ಪನ ಧೋತರ, ಮಕ್ಕಳ ಲಂಗದ ತುಂಡು, ಎಲ್ಲ ಸೇರಿದ ಬಣ್ಣಬಣ್ಣದ ಕೌದಿ.

ಬೆಳಗಾದ ಮೇಲೆ ಆ ಕೌದಿಗಳನ್ನು ಬಿಸಿಲಿಗೆ ಹರವಿರುತ್ತಾರಲ್ಲ, ಆಗ ಸ್ವಲ್ಪ ಹತ್ತಿರ ಹೋಗಿ ನೋಡಿ. ಕೆಲವು ಹರಿದಿರುತ್ತವೆ, ಕೆಲವಕ್ಕೆ ತೇಪೆಯ ಮೇಲೆ ತೇಪೆ ಬಿದ್ದಿರುತ್ತದೆ. ಆದರೆ ಒಂದರ ಬೆನ್ನಿನ ಮೇಲೂ ಹತ್ತಿಯ ನೊರೆ ಕಾಣುವುದಿಲ್ಲ. ಅದೇ ನಾವು ನೀವು ಹೊಸ ಅರಿವೆ ತಂದು, ನಡುವೆ ಹತ್ತಿಯನ್ನೋ ಫೈಬರ್ ಹಾಳೆಯನ್ನೋ ಇಟ್ಟು, ಮಷಿನ್ನಿನ ಮೇಲೆ ಚೆಂದಾಗಿ ಗೆರೆ ಹೊಡೆದ ಕೌದಿ? ಎಂಟು ದಿನ ಹೊದ್ದರೆ ಸಾಕು, ಹೊಲಿಗೆಯ ಉದ್ದಕ್ಕೂ ಬಿಳಿ ಕೂದಲು ಮೂಡಿಬಿಡುತ್ತದೆ!

ನನ್ನ ಗೆಳತಿಯೊಬ್ಬಳಿಗೆ ಆದದ್ದೂ ಇದೇ. ಮಗಳ ಮೊದಲ ಬಾಣಂತನ ಮುಗಿಸಿ ಕೂಸಿನ ಜೊತೆ ಗಂಡನ ಮನೆಗೆ ಕಳಿಸುವ ಹೊತ್ತು. ತೀರಿಹೋದ ತನ್ನ ತಾಯಿಯ ಚಂದ್ರಕಾಳಿ ಸೀರೆ ಟ್ರಂಕಿನಲ್ಲಿತ್ತು. ಇದ್ದದ್ದು ಅದೊಂದೇ. ಮುತ್ತಜ್ಜಿಯ ಸೀರೆ ಮರಿಮಗುವಿಗೆ ಮುಟ್ಟಲಿ ಎಂಬ ಆಸೆಯಿಂದ ಅದನ್ನೇ ಕತ್ತರಿಸಿ ಬೆನ್ನಿಗೆ ಹಾಕಿ, ಮೇಲೆ ಗುಳೇದಗುಡ್ಡದ ಖಣದ ತುಂಡು ಜೋಡಿಸಿ, ಒಳಗೆ ಪೇಟೆಯಿಂದ ತಂದ ಫೈಬರ್ ಹಾಳೆ ಇಟ್ಟು, ನಾಲ್ಕು ಮಧ್ಯಾಹ್ನ ಕೂತು ಹೊಲಿದಳು. ಬೀಗತಿ ಕೂಸನ್ನು ಎತ್ತಿಕೊಂಡು ಕೇಳಿದ್ದು ಒಂದೇ ಮಾತು: "ಏನ್ರೀ ಬೀಗತ್ಯಾರ, ಕೂಸಿನ ಮೈ ತುಂಬ ಇದೇನ್ ಬಿಳೀ ಬಿಳೀ?"

ಕರಿಯ ಸೀರೆಯ ಮೇಲೆ ಬಿಳಿ ನೊರೆ. ಕೂಸಿನ ಕೆನ್ನೆಗೂ, ಮುಷ್ಟಿಯ ಒಳಗೂ ಅದೇ. "ಅವ್ವನ ಸೀರೀನೂ ಹಾಳ ಮಾಡಿದೆ, ಮಾನಾನೂ ಹೋತು ನೋಡವಾ" ಎಂದು ಅವಳು ನನ್ನ ಮುಂದೆ ಕಣ್ಣಿಗೆ ಸೆರಗು ಹಚ್ಚಿದಳು.

ಹೊರದೇಶದಲ್ಲಿ ಕೌದಿ ಹೊಲಿಯುವ ಹೆಂಗಸರು ಈ ರೋಗಕ್ಕೆ ಒಂದು ಹೆಸರು ಇಟ್ಟಿದ್ದಾರೆ. ಅವರ ಮಾತಿನಲ್ಲಿ ಇದು 'ಗಡ್ಡ ಬರುವುದು'! ಹೆಸರು ಕೇಳಿ ನಗು ಬರಬಹುದು. ಆದರೆ ವಾರಗಟ್ಟಲೆ ದುಡಿದು ಮಾಡಿದ ಕೌದಿಗೆ ಗಡ್ಡ ಬಂದಾಗ ನಗು ಬರುವುದಿಲ್ಲ. ಕೂಲಿಗೆ ಹೊಲಿಯುವ ತಂಗಿಯರಿಗಂತೂ ಇದು ಹೊಟ್ಟೆಯ ಪ್ರಶ್ನೆ. ಅರಿವೆ ಗಿರಾಕಿಯದು, ಹತ್ತಿ ಅಂಗಡಿಯದು. ಆದರೆ ಕೌದಿ ವಾಪಸು ಬರುವುದು ಹೊಲಿದವಳ ಬಾಗಿಲಿಗೆ!

ಗಾಬರಿ ಬೇಡ. ಇದಕ್ಕೆ ಕಾರಣಗಳಿವೆ, ಕಾರಣಕ್ಕೆ ತಕ್ಕ ಮದ್ದೂ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಅದು ಹತ್ತಿಯೋ, ದಾರವೋ?

ಬೆನ್ನಿನ ಮೇಲೆ ಬಿಳಿ ಚುಕ್ಕೆ ಕಂಡೊಡನೆ "ಹತ್ತಿ ಬಂತು" ಎಂದುಕೊಳ್ಳಬೇಡಿ. ಕೌದಿಯನ್ನು ಬೆಳಕಿಗೆ ಹಿಡಿದು, ಒಂದು ಗುಂಡುಸೂಜಿಯ ಮೊನೆಯಿಂದ ಆ ಚುಕ್ಕೆಯನ್ನು ಮೆಲ್ಲಗೆ ಎತ್ತಿ ನೋಡಿ. ಕುಣಿಕೆಯಂತೆ ಎದ್ದು ಬಂದರೆ ಅದು ಮೇಲಿನ ದಾರ. ಕೆದರಿದ ಕೂದಲಿನಂತೆ ಬಂದರೆ ಅದು ಒಳಗಿನ ಹತ್ತಿ.

ದಾರವಾಗಿದ್ದರೆ ತಪ್ಪು ಮಷಿನ್ನಿನ ಟೆನ್ಷನ್ನಿನಲ್ಲಿ. ಮೇಲಿನ ದಾರ ಸಡಿಲಾದಾಗ ಅದು ಅಡಿಗೆ ಜಗ್ಗಿಕೊಂಡು ಹೋಗಿ ಬೆನ್ನಿನ ಮೇಲೆ ಕುಣಿಕೆಯಾಗುತ್ತದೆ. ಮೊದಲು ಪಾದವನ್ನು ಮೇಲೆತ್ತಿ ದಾರವನ್ನು ಪೂರ್ತಿ ಬಿಚ್ಚಿ ಮತ್ತೆ ಪೋಣಿಸಿ. ಎಷ್ಟೋ ಸಲ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದೇ ಇಲ್ಲ. ಆಮೇಲೂ ಸರಿಹೋಗದಿದ್ದರೆ ಟೆನ್ಷನ್ ತಿರುಪನ್ನು ಸ್ವಲ್ಪವೇ ಬಿಗಿ ಮಾಡಿ. ಕೆಳಗಿನ ಬಾಬಿನ್ ದಾರ ಕೌದಿಯ ಮುಖದ ಮೇಲೆ ಚುಕ್ಕೆಯಾಗಿ ಕಂಡರೆ ಮೇಲಿನದು ಬಿಗಿ ಹೆಚ್ಚಾಗಿದೆ ಎಂದೇ ಅರ್ಥ, ಸಡಿಲು ಮಾಡಿ. ಎರಡು ದಾರಗಳೂ ನಡುವಿನ ಹತ್ತಿಯಲ್ಲಿ ಒಂದನ್ನೊಂದು ಹಿಡಿದುಕೊಳ್ಳಬೇಕು. ಅದೇ ಸರಿಯಾದ ಹೊಲಿಗೆ.

ಹತ್ತಿಯೇ ಆಗಿದ್ದರೆ ಮುಂದೆ ಓದಿ.

ತೂತಿನ ಲೆಕ್ಕ

ಕೈಯಿಂದ ಹೊಲಿಯುವಾಗ ನಾವು ಅಲ್ಲೊಂದು ಇಲ್ಲೊಂದು ಟಾಕಿ ಹಾಕುತ್ತ ಹೋಗುತ್ತೇವೆ. ಮಷಿನ್ನು ಹಾಗಲ್ಲ, ಒಂದೇ ಸಮನೆ ಚುಚ್ಚುತ್ತದೆ. ನನ್ನ ಗೆಳತಿಯ ಕೂಸಿನ ಕೌದಿ 36 ಇಂಚು ಅಗಲ, 45 ಇಂಚು ಉದ್ದ. ಎರಡೆರಡು ಇಂಚಿಗೆ ಒಂದರಂತೆ 19 ಗೆರೆ ಹೊಡೆದಿದ್ದಳು. ಗೆರೆಗಳನ್ನೆಲ್ಲ ಕೂಡಿಸಿದರೆ 855 ಇಂಚು. ಗಟ್ಟಿಯಾಗಲಿ ಎಂದು ಇಂಚಿಗೆ 12 ಹೊಲಿಗೆ ಇಟ್ಟಿದ್ದಳು. ಗುಣಿಸಿ ನೋಡಿ: 10,260 ತೂತು! ಒಂದು ಸಣ್ಣ ಕೌದಿಯಲ್ಲಿ ಹತ್ತು ಸಾವಿರಕ್ಕೂ ಮೇಲ್ಪಟ್ಟು ಬಾಗಿಲು ತೆರೆದಿಟ್ಟರೆ ಹತ್ತಿ ಹೊರಗೆ ಬಾರದೆ ಇದ್ದೀತೇ?

ಅದೇ ಕೌದಿಗೆ ಇಂಚಿಗೆ 8 ಹೊಲಿಗೆ ಸಾಕಾಗಿತ್ತು. ಆಗ ತೂತುಗಳು 6,840 ಆಗುತ್ತಿದ್ದವು. ಮೂರೂವರೆ ಸಾವಿರದಷ್ಟು ತೂತು ಉಳಿದಂತಾಯಿತು. ಕೌದಿಗೆ ಕುಪ್ಪಸದ ಹೊಲಿಗೆ ಬೇಡ. ಉದ್ದ ಹೊಲಿಗೆ ಇಡಿ.

ಸೂಜಿ ಯಾವಾಗ ಬದಲಾಯಿಸಿದ್ದಿರಿ?

ಈ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ನಗುತ್ತಾರೆ. "ಮುರಿದಾಗ!" ಎನ್ನುತ್ತಾರೆ. ಗಡ್ಡ ಬರುವುದಕ್ಕೆ ಅರ್ಧ ಕಾರಣ ಅಲ್ಲೇ ಇದೆ.

ಮೊನೆ ಮೊಂಡಾದ ಸೂಜಿ ಅರಿವೆಯ ಎಳೆಗಳ ನಡುವೆ ದಾರಿ ಮಾಡಿಕೊಂಡು ಇಳಿಯುವುದಿಲ್ಲ. ಹತ್ತಿಯನ್ನು ಮುಂದೆ ದೂಡಿಕೊಂಡೇ ಇಳಿಯುತ್ತದೆ. ಮೊನೆ ಕೊಕ್ಕೆಯಂತೆ ತಿರುಗಿದ್ದರೆ ಇನ್ನೂ ಕೇಡು, ಎಳೆಗಳನ್ನು ಕಚ್ಚಿ ಎಳೆದುಬಿಡುತ್ತದೆ. ಸೂಜಿಯ ಮೊನೆಯನ್ನು ನಿಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗೀರು ಬಿದ್ದರೆ ಆ ಸೂಜಿಯನ್ನು ಎಸೆಯಿರಿ. ಸುಮಾರು ಎಂಟು ತಾಸಿನ ಹೊಲಿಗೆಗೆ ಒಂದು ಸೂಜಿ ಎಂಬುದು ಹೊಲಿಗೆ ಬಲ್ಲವರ ಲೆಕ್ಕ. ಕೌದಿ ಶುರು ಮಾಡುವಾಗ ಹೊಸ ಸೂಜಿಯನ್ನೇ ಹಾಕಿ. ಅದನ್ನು ಪೂರ್ತಿ ಮೇಲಕ್ಕೆ ದೂಡಿ ತಿರುಪು ಬಿಗಿಯಿರಿ. ಅರ್ಧ ಕೂತ ಸೂಜಿ ಹೊಲಿಗೆ ತಪ್ಪಿಸುತ್ತದೆ.

ದಪ್ಪವೂ ಮುಖ್ಯ. 14 ನಂಬರಿನ ಸೂಜಿ 0.90 ಮಿಲಿಮೀಟರು, 16ರದ್ದು 1 ಮಿಲಿಮೀಟರು, 18ರದ್ದು 1.10. ದಪ್ಪ ಕೌದಿಗೆ ದಪ್ಪ ಸೂಜಿಯೇ ಬೇಕೆಂದು 18 ಹಾಕಿಬಿಡುತ್ತೇವೆ. ಆದರೆ ಕೌದಿ ದಪ್ಪವೆಂದು ಕಂಡರೂ ಒಳಗಿನದು ಮೆತ್ತಗಿನ ಹತ್ತಿ ತಾನೆ! 14 ಸಾಕು, ಅರಿವೆ ಬಿರುಸಾಗಿದ್ದರೆ 16. ದಾರವೂ ಸೂಜಿಗೆ ಹೊಂದುವಷ್ಟು ಸಣ್ಣದಿರಲಿ. ದಪ್ಪ ದಾರ ಸಣ್ಣ ಕಣ್ಣಿನಲ್ಲಿ ತಿಕ್ಕಿಕೊಂಡು ಹೋಗುವಾಗ ಹತ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಮತ್ತೊಂದು ಮಾತು. ಮಷಿನ್ನಿನ ಹಲ್ಲಿನ ಕೆಳಗೆ, ಶಟಲ್ಲಿನ ಸುತ್ತ ಹತ್ತಿಯ ದೂಳು ಕೂತಿರುತ್ತದೆ. ಪ್ರತಿ ಕೌದಿಗೆ ಮುಂಚೆ ಸಣ್ಣ ಬ್ರಷ್ಷಿನಿಂದ ತೆಗೆದು ಒಂದು ಹನಿ ಎಣ್ಣೆ ಬಿಡಿ. ಎಣ್ಣೆ ಬಿಟ್ಟ ಮೇಲೆ ಚಿಂದಿ ಅರಿವೆಯ ಮೇಲೆ ನಾಲ್ಕು ಗೆರೆ ಓಡಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕೌದಿಗೆ ಕಲೆ.

ಒಳಗೆ ಇಟ್ಟದ್ದು ಏನು?

ನಮ್ಮದು ಹತ್ತಿಯ ನಾಡು. ಸವದತ್ತಿ, ಬೈಲಹೊಂಗಲದ ಎರೆ ಹೊಲಗಳಲ್ಲಿ ಹಿಂದೆ ಬೆಳೆಯುತ್ತಿದ್ದ ಜಯಧರ ಹತ್ತಿಯ ಎಳೆ ಗಿಡ್ಡ, ಸ್ವಲ್ಪ ಬಿರುಸು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಉದ್ದ ಎಳೆಯ ಮಿಶ್ರತಳಿಯನ್ನು ಕೊಟ್ಟ ಮೇಲೆ ನಮ್ಮ ಕಡೆಯ ಹೊಲಗಳ ರೂಪವೇ ಬದಲಾಯಿತು. ಹೊಲಿಗೆಯವರಿಗೆ ಇದರಲ್ಲಿ ತಿಳಿಯಬೇಕಾದದ್ದು ಇಷ್ಟೇ: ಎಳೆ ಉದ್ದವಿದ್ದಷ್ಟೂ ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಗಿಡ್ಡವಾದಷ್ಟೂ ಬೇಗ ಉದುರುತ್ತದೆ. ಅಗ್ಗದ ಗಾದಿಗೆ ಹಾಕುವ ಗಿರಣಿಯ ಕಸರು ಹತ್ತಿ, ಹಳೆ ಅರಿವೆ ಹರಿದು ಮಾಡಿದ ಹತ್ತಿ ಇವುಗಳಲ್ಲಿ ಎಳೆಗಿಂತ ದೂಳೇ ಹೆಚ್ಚು. ಹೊದೆಯುವ ಕೌದಿಗೆ ಅವು ಬೇಡ.

ನದಾಫರು ಹಿಂಜಿ ಕೊಡುವ ಹತ್ತಿಯನ್ನು ಬಳಸುವುದಾದರೆ, ಕಸ ಹೊಟ್ಟು ಇಲ್ಲದಂತೆ ಇನ್ನೊಮ್ಮೆ ಹಿಂಜಿಸಿ. ಅದನ್ನು ತೆಳ್ಳಗೆ, ಸಮನಾಗಿ ಹರವಿ. ಗೆರೆಗಳು ಎರಡು ಮೂರು ಇಂಚಿಗಿಂತ ದೂರ ಬೇಡ. ದೂರವಾದರೆ ಹತ್ತಿ ಒಳಗೇ ಸರಿದಾಡಿ ಗಂಟು ಕಟ್ಟುತ್ತದೆ, ಸರಿದಾಡುವ ಹತ್ತಿ ತೂತು ಹುಡುಕುತ್ತದೆ.

ಪೇಟೆಯ ಫೈಬರ್ ಹಾಳೆ, ಅಂದರೆ ಪಾಲಿಯೆಸ್ಟರು, ಹಗುರ ನಿಜ, ತೊಳೆಯಲು ಸುಲಭ ನಿಜ. ಆದರೆ ಗಡ್ಡ ಬರುವುದರಲ್ಲಿ ಇದಕ್ಕೇ ಮೊದಲ ಸ್ಥಾನ. ಕಾರಣ ಕೇಳಿ: ಹತ್ತಿಯ ಎಳೆ ಹೊರಗೆ ಬಂದರೆ ತಿಕ್ಕಾಟಕ್ಕೆ ಮುರಿದು ಉದುರಿಹೋಗುತ್ತದೆ. ಪಾಲಿಯೆಸ್ಟರಿನ ಎಳೆ ನುಣುಪು, ಮೇಲಾಗಿ ಗಟ್ಟಿ. ಅದು ಮುರಿಯುವುದಿಲ್ಲ, ಜಾರಿ ಜಾರಿ ಬರುತ್ತಲೇ ಇರುತ್ತದೆ. ಕೊನೆಗೆ ಸಣ್ಣ ಸಣ್ಣ ಉಂಡೆಯಾಗಿ ಅಂಟಿಕೊಳ್ಳುತ್ತದೆ. ಬೇಸಿಗೆ ಚಳಿಗಾಲದ ಒಣ ಹವೆಯಲ್ಲಿ ನೈಲಾನ್, ಪಾಲಿಯೆಸ್ಟರ್ ಅರಿವೆ ತಿಕ್ಕಿದಾಗ ಚಟಪಟ ಎನ್ನುವ ವಿದ್ಯುತ್ತು ಹುಟ್ಟುತ್ತದಲ್ಲ, ಅದೂ ಎಳೆಗಳನ್ನು ಹೊರಗೆ ಸೆಳೆಯುತ್ತದೆ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಕರಿಯ ಅರಿವೆಯ ತುಂಡೊಂದನ್ನು ಚೀಲದಲ್ಲಿ ಒಯ್ಯಿರಿ. ಹಾಳೆಯ ಮೇಲೆ ಅದನ್ನು ಹತ್ತು ಸಲ ತಿಕ್ಕಿ. ಬಿಳಿ ಎಳೆ ಅಂಟಿದರೆ ಆ ಹಾಳೆ ಬೇಡ. ಮೇಲ್ಮೈಗೆ ಅಂಟು ಹಿಡಿಸಿ ಕೂಡಿಸಿದ ಒಳ್ಳೆಯ ಹಾಳೆಯಲ್ಲಿ ಎಳೆಗಳು ಅಷ್ಟು ಸುಲಭವಾಗಿ ಎದ್ದು ಬರುವುದಿಲ್ಲ.

ಸೂಜಿಗಳಿಂದ ಚುಚ್ಚಿ ಚುಚ್ಚಿ ಹೆಣೆದ ಹಾಳೆಗಳೂ ಸಿಗುತ್ತವೆ. ಅಂಥ ಹಾಳೆಗೆ ಮುಖ ಬೆನ್ನು ಎರಡೂ ಇರುತ್ತವೆ. ಒಂದು ಬದಿಯಲ್ಲಿ ಸಣ್ಣ ಸಣ್ಣ ತಗ್ಗು ಕಾಣುತ್ತವೆ, ಕಾರ್ಖಾನೆಯ ಸೂಜಿ ಒಳಹೊಕ್ಕ ಗುರುತು ಅದು. ಆ ಬದಿ ಮೇಲೆ ಬರಲಿ. ಆಗ ನಿಮ್ಮ ಸೂಜಿಯೂ ಅದೇ ದಿಕ್ಕಿನಲ್ಲಿ ಇಳಿಯುತ್ತದೆ. ಹಾಳೆ ತಿರುವುಮುರುವಾದರೆ ಕೂದಲನ್ನು ಎದುರು ಬಾಚಿದ ಹಾಗೆ! ಎಳೆಗಳೆಲ್ಲ ಎದ್ದು ನಿಲ್ಲುತ್ತವೆ.

ಬೆನ್ನಿನ ಅರಿವೆ

ಬೆನ್ನಿಗೆ ಹಾಕುವ ಅರಿವೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಳೆಗಳ ನಡುವೆ ಬೆಳಕು ಜರಡಿಯಂತೆ ಕಂಡರೆ ಹತ್ತಿಯೂ ಹಾಗೇ ಜಾರುತ್ತದೆ ಎಂದು ತಿಳಿಯಿರಿ. ಒತ್ತು ನೇಯ್ಗೆಯ, ನೂಲಿನ ಅರಿವೆ ಒಳ್ಳೆಯದು. ಹೊಸದಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ. ಅರಿವೆ ಕುಗ್ಗಿ ನೇಯ್ಗೆ ಬಿಗಿಯಾಗುತ್ತದೆ. ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಹೊಲಿಯುವಾಗ ಜಾರುವುದಿಲ್ಲ. ಆದರೆ ಹೊಲಿಗೆ ಮುಗಿದ ಮೇಲೆ ಗಂಜಿ ತೊಳೆದುಬಿಡಿ, ಇಲ್ಲವಾದರೆ ಟ್ರಂಕಿನಲ್ಲಿ ಹುಳ ಹತ್ತೀತು. ತೊಳೆಯಲು ಬಾರದ ಸಡಿಲು ಹತ್ತಿಯ ಕೌದಿಗೆ ಗಂಜಿಯೇ ಬೇಡ.

ಬಣ್ಣದ ಮಾತನ್ನೂ ಹೇಳಬೇಕು. ಬಿಳಿ ಹತ್ತಿ ಬಿಳಿ ಬೆನ್ನಿನ ಮೇಲೂ ಬರುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಕರಿ, ಕಡುನೀಲಿ, ಕೆಂಪು ಬೆನ್ನಿನ ಮೇಲೆ ಒಂದೊಂದು ಎಳೆಯೂ ಕೂಗಿ ಹೇಳುತ್ತದೆ. ನನ್ನ ಗೆಳತಿಯ ಚಂದ್ರಕಾಳಿ ಸೀರೆಗೆ ಎರಡು ಕೇಡೂ ಕೂಡಿ ಬಂದಿದ್ದವು. ಬಣ್ಣ ಕರಿ, ನೇಯ್ಗೆ ಉಟ್ಟು ಉಟ್ಟು ಸವೆದದ್ದು.

ಅಜ್ಜಿಯರ ಕೌದಿಗೆ ಗಡ್ಡ ಏಕಿಲ್ಲ?

ಈಗ ಆ ಜಾತ್ರೆಯ ಬಯಲಿಗೆ ಮರಳೋಣ. ಆ ಕೌದಿಗಳಲ್ಲಿ ಹತ್ತಿ ಏಕೆ ಹೊರಬರುವುದಿಲ್ಲ? ಗುಟ್ಟು ಏನೂ ಇಲ್ಲ. ಒಳಗೆ ಬಿಡಿ ಹತ್ತಿಯೇ ಇಲ್ಲ! ಹಳೆಯ ಸೀರೆ, ಧೋತರಗಳನ್ನು ಪದರದ ಮೇಲೆ ಪದರ ಹಾಸಿ ದಬ್ಬಣದಿಂದ ಹೊಲಿದ ಕೌದಿ ಅದು. ಪ್ರತಿ ಎಳೆಯೂ ಮಗ್ಗದಲ್ಲಿ ಹಾಸುಹೊಕ್ಕಾಗಿ ಕಟ್ಟಿಹಾಕಿದ್ದು. ಅದು ಎಲ್ಲಿಗೆ ಓಡಿಹೋದೀತು?

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಹೀಗೆಯೇ. ಹಳೆ ಅರಿವೆಯ ತುಂಡುಗಳನ್ನು ಅಂಚಿನಿಂದ ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತ ಹೋಗುತ್ತಾರೆ. ನಾಲ್ಕು ಮೂಲೆಗೂ 'ಫೂಲ' ಎಂಬ ಮುಕ್ಕೋನದ ತುಂಡು ಇಟ್ಟ ಮೇಲೆಯೇ ಅವರಿಗೆ ಕವಂದಿ ಪೂರ್ತಿಯಾದಂತೆ. ಅಲ್ಲಿಯೂ ಬಿಡಿ ಹತ್ತಿಗೆ ಕೆಲಸವಿಲ್ಲ.

ಹಾಗಾದರೆ ಹತ್ತಿ ಹಾಕಲೇಬಾರದೇ? ಹಾಗಲ್ಲ. ಚಳಿಗೆ ಹತ್ತಿಯ ಬಿಸುಪೇ ಬೇರೆ. ಜಯಪುರದ ಹಗುರ ರಜಾಯಿಗಳ ಹೊಟ್ಟೆಯಲ್ಲಿರುವುದೂ ಹತ್ತಿಯೇ. ನಾವು ಮಾಡಬೇಕಾದದ್ದು ಇಷ್ಟೇ: ಅಜ್ಜಿಯರ ಪದರವನ್ನು ಹೊಸ ಕೌದಿಯೊಳಗೆ ಕರೆದುಕೊಳ್ಳುವುದು. ಹತ್ತಿಗೂ ಬೆನ್ನಿನ ಅರಿವೆಗೂ ನಡುವೆ ಒಂದು ಹಳೆಯ, ಮೆತ್ತಗಿನ, ಆದರೆ ಇನ್ನೂ ಹರಿಯದ ನೂಲಿನ ಅರಿವೆಯನ್ನು ಒಳಅಸ್ತರವಾಗಿ ಹಾಸಿ. ಹಳೆ ಧೋತರವಾದರೂ ಸರಿ, ಮಲ್ಲಿನ ಅರಿವೆಯಾದರೂ ಸರಿ. ಸೂಜಿ ದೂಡಿದ ಎಳೆ ಆ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ, ಬೆನ್ನಿನ ತನಕ ಬರುವುದು ಕಡಿಮೆ. ಬೆನ್ನಿನ ಬಣ್ಣ ಕಡುವಾಗಿದ್ದರೆ ಒಳಅಸ್ತರವೂ ಕಡುಬಣ್ಣದ್ದೇ ಇರಲಿ. ತೊಳೆದು ತೊಳೆದು ಬಣ್ಣ ನಿಂತ ಹಳೆಯ ಲಂಗ ಇದಕ್ಕೆ ಬಹಳ ಒಳ್ಳೆಯದು. ಸಡಿಲು ಹತ್ತಿಯಾದರೆ ಮೇಲೊಂದು ಕೆಳಗೊಂದು, ಎರಡೂ ಕಡೆ ಅಸ್ತರ ಬೇಕು.

ಮನೆಯಲ್ಲೇ ಇರುವ ಅರಿವೆ, ಖರ್ಚಿಲ್ಲ. ಸೀರೆ ಸವೆದಿದ್ದರೆ ಅದು ಒಳಗೆ ಇರಲಿ, ಗಟ್ಟಿ ಅರಿವೆ ಹೊರಗೆ ಇರಲಿ. ನಾವು ಮಾಡುವ ತಪ್ಪು ಇದನ್ನು ತಿರುಗಾಮುರುಗಾ ಮಾಡುವುದು.

ಅಂಗೈಯಗಲದ ಕೌದಿ

ಹಪ್ಪಳ ಲಟ್ಟಿಸುವ ಮುಂಚೆ ಒಂದು ಸಣ್ಣ ಹಪ್ಪಳ ಕರಿದು ಉಪ್ಪು ಖಾರ ನೋಡುವುದಿಲ್ಲವೇ? ಹಾಗೆಯೇ ಇದು. ಅದೇ ಮೇಲರಿವೆ, ಅದೇ ಹತ್ತಿ, ಅದೇ ಬೆನ್ನು ಸೇರಿಸಿ ಎಂಟು ಇಂಚಿನ ಚೌಕದ ಎರಡು ತುಂಡು ಕೌದಿ ಮಾಡಿ. ಒಂದಕ್ಕೆ ಒಳಅಸ್ತರ ಇರಲಿ, ಇನ್ನೊಂದಕ್ಕೆ ಬೇಡ. ಐದಾರು ಗೆರೆ ಹೊಡೆದು, ಬೆನ್ನನ್ನು ಅಂಗೈಯಿಂದ ಐವತ್ತು ಸಲ ತಿಕ್ಕಿ. ಒಮ್ಮೆ ತೊಳೆದು ಒಣಗಿಸಿ ಮತ್ತೆ ತಿಕ್ಕಿ. ಆಗ ನಿಮ್ಮ ಕೌದಿ ಒಂದು ವರ್ಷದ ಮೇಲೆ ಹೇಗೆ ಕಾಣುತ್ತದೆ ಎಂಬುದು ಇಂದೇ ಗೊತ್ತಾಗುತ್ತದೆ. ಕೂಲಿಗೆ ಹೊಲಿಯುವವರು ಈ ತುಂಡನ್ನು ಗಿರಾಕಿಗೆ ತೋರಿಸಿ, "ಈ ಹತ್ತಿಗೆ ಹೀಗಾಗತೈತ್ರಿ, ಅಸ್ತರ ಹಾಕಿಸ್ತೀರೇನು?" ಎಂದು ಮೊದಲೇ ಕೇಳಿಬಿಡಿ. ಮುಂದೆ ಮಾತು ಬರುವುದಿಲ್ಲ.

ಹೊಲಿದಾಗಿದೆ, ಗಡ್ಡವೂ ಬಂದಿದೆ. ಈಗೇನು?

ಮೊದಲ ಮಾತು, ಕಡೆಯ ಮಾತು ಎರಡೂ ಒಂದೇ: ಎಳೆಯಬೇಡಿ! ಹೊರಬಂದ ಎಳೆಯನ್ನು ಎಳೆದರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತದೆ, ತೂತೂ ದೊಡ್ಡದಾಗುತ್ತದೆ. ನನ್ನ ಗೆಳತಿ ದಿನಾ ಕೂತು ಎಳೆದದ್ದರಿಂದಲೇ ಗಡ್ಡ ದುಪ್ಪಟ್ಟಾದದ್ದು.

ಸ್ವಲ್ಪವೇ ಬಂದಿದ್ದರೆ, ಎರಡು ಗೆರೆಗಳ ನಡುವೆ ಬೆನ್ನಿನ ಅರಿವೆಯನ್ನು ಒಂದು ಕೈಯಿಂದಲೂ ಮುಖದ ಅರಿವೆಯನ್ನು ಇನ್ನೊಂದು ಕೈಯಿಂದಲೂ ಚಿವುಟಿ ಹಿಡಿದು ಮೆಲ್ಲಗೆ ಬೇರೆಬೇರೆಯಾಗಿ ಎತ್ತಿ. ಎಷ್ಟೋ ಎಳೆಗಳು ಒಳಕ್ಕೆ ಸರಿದುಹೋಗುತ್ತವೆ. ಉಳಿದದ್ದನ್ನು ಸಣ್ಣ ಕತ್ತರಿಯಿಂದ, ದಾರಕ್ಕೆ ತಾಗದಂತೆ, ಸಮನಾಗಿ ಕತ್ತರಿಸಿ.

ಹಾಳೆ ಇಟ್ಟು ಹತ್ತಿರ ಹತ್ತಿರ ಗೆರೆ ಹೊಡೆದ ಕೌದಿಯಾದರೆ ತಣ್ಣೀರಿನಲ್ಲಿ ಒಮ್ಮೆ ಅದ್ದಿ, ಹಿಂಡದೆ, ಅಡ್ಡಡ್ಡ ಹರವಿ ಒಣಗಿಸಿ. ನೂಲಿನ ಅರಿವೆಯ ಎಳೆಗಳು ನೀರು ಕುಡಿದು ಸಡಿಲಾಗಿ ಸೂಜಿಯ ತೂತುಗಳನ್ನು ಬಹಳ ಮಟ್ಟಿಗೆ ಮುಚ್ಚುತ್ತವೆ. ಸಡಿಲು ಹತ್ತಿ ತುಂಬಿದ ಕೌದಿಗೆ ಮಾತ್ರ ನೀರು ತೋರಿಸಬೇಡಿ, ಗಂಟು ಗಂಟಾದೀತು. ಅದಕ್ಕೆ ಬಿಸಿಲು ಮತ್ತು ಗಲೀಫು, ಎರಡೇ ಮದ್ದು. ಗಲೀಫು ತೊಳೆಯಬಹುದು, ಕೌದಿ ಒಳಗೆ ಕ್ಷೇಮ.

ಇಡೀ ಬೆನ್ನೇ ಬಿಳಿಯಾಗಿದ್ದರೆ ಹಳೆಯ ಬೆನ್ನಿನ ಮೇಲೆಯೇ ಇನ್ನೊಂದು ಅರಿವೆ ಹಾಸಿ. ಅಂಚಿಗೆ ಹೊಸ ಪಟ್ಟಿ ಕಟ್ಟಿ, ನಡುವೆ ನಾಲ್ಕು ನಾಲ್ಕು ಇಂಚಿಗೆ ಒಂದೊಂದು ಕೈ ಟಾಕಿ ಹಾಕಿ. ಹಳೆಯ ಬೆನ್ನು ಈಗ ಒಳಅಸ್ತರವಾಯಿತು ನೋಡಿ! ದೊಡ್ಡ ಕೌದಿಗೆ ಇದೇ ಸುಲಭದ ದಾರಿ.

ಕೂಸಿನ ವಿಷಯ ಬೇರೆ

ಮಕ್ಕಳ ಡಾಕ್ಟರರು ಇಂದು ಒತ್ತಿ ಹೇಳುವ ಮಾತೊಂದಿದೆ. ಒಂದು ವರ್ಷ ತುಂಬದ ಕೂಸು ಮಲಗುವ ಜಾಗದಲ್ಲಿ ದಪ್ಪ, ಮೆತ್ತನೆಯ ಹೊದಿಕೆ, ಸಡಿಲು ಕೌದಿ, ದಿಂಬು ಇರಬಾರದು. ನಿದ್ದೆಯಲ್ಲಿ ಅವು ಮೂಗು ಬಾಯಿ ಮುಚ್ಚಿದರೆ ಕೂಸಿಗೆ ಸರಿಸಿಕೊಳ್ಳಲು ಬಾರದು. ಗಡ್ಡ ಬಂದ ಕೌದಿಯನ್ನಂತೂ ಕೂಸು ಬಾಯಿಗೆ ಇಡುತ್ತದೆ. ಆದ್ದರಿಂದ ಪ್ರೀತಿಯಿಂದ ಹೊಲಿದ ಕೌದಿಯನ್ನು ಕೂಸು ಎಚ್ಚರವಿದ್ದಾಗ, ನೀವು ಹತ್ತಿರವಿದ್ದಾಗ, ನೆಲಕ್ಕೆ ಹಾಸಿ ಆಡಿಸಿ. ತೊಟ್ಟಿಲಿಗೆ ಬೇಡ. ಕೂಸು ದೊಡ್ಡದಾದ ಮೇಲೆ ಹೊದೆಯಲು ಇದ್ದೇ ಇದೆ.

ಚಂದ್ರಕಾಳಿಯ ಕಥೆ ಏನಾಯಿತು?

ಹೇಳದೆ ಬಿಟ್ಟರೆ ನಿಮಗೆ ಸಮಾಧಾನವಾಗದು, ಅಲ್ಲವೇ? ಅದರ ಮೇಲೆ ಇನ್ನೊಂದು ಅರಿವೆ ಹಾಕಿ ಮುಚ್ಚಲು ಗೆಳತಿಗೆ ಮನಸ್ಸು ಬರಲಿಲ್ಲ. "ಅವ್ವನ ಸೀರೀ ಕಾಣಬೇಕಲ್ಲಾ" ಎಂದಳು. ಸಣ್ಣ ಕೌದಿ, ಬಿಚ್ಚಲು ಸಾಧ್ಯವಿತ್ತು. ಇಬ್ಬರೂ ಕೂತು ಎರಡು ಮಧ್ಯಾಹ್ನ 19 ಗೆರೆಗಳನ್ನೂ ಬಿಚ್ಚಿದೆವು. ಸೀರೆಯ ತುಂಡನ್ನು ತಣ್ಣೀರಿನಲ್ಲಿ ಅದ್ದಿ ನೆರಳಿಗೆ ಹಾಕಿದಾಗ ತೂತುಗಳು ಮುಕ್ಕಾಲು ಪಾಲು ಕೂಡಿಕೊಂಡವು. ಅದರ ಕೆಳಗೆ ಅವಳದೇ ಹಳೆಯ ಕರಿ ಲಂಗವನ್ನು ಅಸ್ತರ ಕೊಟ್ಟು, ಅದೇ ಹಾಳೆ, ಅದೇ ಖಣ ಇಟ್ಟು, ಈ ಸಲ ಮಷಿನ್ನು ಬಿಟ್ಟು ಕೈಯಿಂದಲೇ ಹೊಲಿದಳು. ಗೆರೆ ಸ್ವಲ್ಪ ಸೊಟ್ಟ. ಆದರೆ ಕರಿಯ ಸೀರೆ ಕರಿಯದೇ ಇದೆ. ಅಲ್ಲೊಂದು ಇಲ್ಲೊಂದು ಎಳೆ ಕಂಡರೆ ಕತ್ತರಿ ಇದ್ದೇ ಇದೆ.

ಮುಂದಿನ ಹುಣ್ಣಿಮೆಗೆ ಗುಡ್ಡಕ್ಕೆ ಬಂದ ಬೀಗತಿ ಅದನ್ನು ತಿರುವಿ ನೋಡಿ, "ಇದು ಯಾರ್ ಸೀರೀರೀ?" ಎಂದು ಕೇಳಿದರಂತೆ. "ಅವ್ವಂದು" ಎಂದಳಂತೆ ಇವಳು. ಅಷ್ಟೇ ಮಾತು. ಕೂಸು ಅದರ ಮೇಲೆ ಬೋರಲು ಬಿದ್ದು ಆಡುತ್ತಿತ್ತು.

ಮಷಿನ್ನಿನ ಮುಂದೆ ಕೂಡುವ ಮುಂಚೆ

* ಹೊಸ ಸೂಜಿ, 14 ನಂಬರು; ಬಿರುಸು ಅರಿವೆಗೆ 16.
* ಇಂಚಿಗೆ 8 ಹೊಲಿಗೆ, ಅದಕ್ಕಿಂತ ಒತ್ತಾಗಿ ಬೇಡ.
* ಶಟಲ್ಲಿನ ದೂಳು ತೆಗೆದಿರಾ? ಎಣ್ಣೆಯ ಹನಿ ಒರೆಸಿದಿರಾ?
* ಹಾಳೆಯನ್ನು ಕರಿ ಅರಿವೆಯಿಂದ ಹತ್ತು ಸಲ ತಿಕ್ಕಿ ನೋಡಿದಿರಾ? ತಗ್ಗು ಇರುವ ಬದಿ ಮೇಲೆ ಇದೆಯೇ?
* ಬೆನ್ನಿನ ಅರಿವೆ ಒತ್ತು ನೇಯ್ಗೆಯದೇ? ನೆನೆಸಿ ಒಣಗಿಸಿದಿರಾ?
* ಹತ್ತಿಗೂ ಬೆನ್ನಿಗೂ ನಡುವೆ ಒಳಅಸ್ತರ, ಬೆನ್ನಿನ ಬಣ್ಣಕ್ಕೆ ಹೊಂದುವಂತೆ.
* ಎಂಟು ಇಂಚಿನ ತುಂಡು ಕೌದಿ ಮಾಡಿ, ತಿಕ್ಕಿ, ತೊಳೆದು ನೋಡಿದ ಮೇಲೆಯೇ ದೊಡ್ಡದಕ್ಕೆ ಕತ್ತರಿ.
* ಎಳೆ ಹೊರಬಂದರೆ ಕತ್ತರಿಸಿ. ಎಳೆಯಬೇಡಿ.